ಕಿವಿಯಿಂದ ಆರಿಸಿದ ಎಡಿಟರ್

ಕೊರೊನಾ ಇಳಿದ ಮರುವರ್ಷ ನಾನು ವಾಡಿ ಸಮೀಪದ ಒಂದು ಸಿಮೆಂಟ್ ಕಾರ್ಖಾನೆಯಲ್ಲಿ ಪ್ರೋಗ್ರಾಮರ್ ಆಗಿದ್ದೆ. ಲಾರಿಗಳ ತೂಕ ದಾಖಲಿಸುವ ಸಾಫ್ಟ್‌ವೇರ್ ನನ್ನ ಹೊಣೆ. ಆ ಬೇಸಿಗೆಯಲ್ಲಿ ಸಕ್ಕರೆ ಕಾಯಿಲೆಯಿಂದ ನನ್ನ ಎರಡೂ ಕಣ್ಣು ಹೋದವು. ದೃಷ್ಟಿ ಮರಳುವುದಿಲ್ಲ ಎಂದು ಹೈದರಾಬಾದಿನ ಡಾಕ್ಟರು ಹೇಳಿದಾಗ ನಾನು ಅಳಲಿಲ್ಲ. ಊಟಕ್ಕೆ ಕರೆದರೆ ಉಣ್ಣುತ್ತಿದ್ದೆ, ಮಲಗೆಂದರೆ ಮಲಗುತ್ತಿದ್ದೆ.

ರಜೆ ಮುಗಿಸಿ ಹೋದಾಗ ಮ್ಯಾನೇಜರ್ ಮೆಲ್ಲಗೆ ಹೇಳಿದರು: "ಗೇಟಿನ್ಯಾಗ ಫೋನ್ ಎತ್ತೋ ಕೆಲ್ಸ ಕೊಡ್ತೀವ್ರಿ. ಕುಂತಲ್ಲೇ ಆಗ್ತದ."

ಆಗಲಿ ಎಂದುಬಿಟ್ಟೆ. ಚಿತ್ತಾಪುರದಿಂದ ದಿನಾ ರೈಲಿನಲ್ಲಿ ಬರುತ್ತಿದ್ದ ಸಹೋದ್ಯೋಗಿ ನೂರಜಹಾನ್ ಒಪ್ಪಲಿಲ್ಲ. "ಒಂದು ವಾರ ಟೈಮ್ ಕೊಡ್ರಿ ಸರ್. ಆಮ್ಯಾಲ ಇವ್ರು ಕೋಡ್ ಬರೆಯೋದು ನೀವ ಕುಂತು ನೋಡ್ರಿ," ಎಂದು ಮ್ಯಾನೇಜರಿಗೇ ಹೇಳಿದಳು.

ಪ್ರೋಗ್ರಾಂ ಬರೆಯಲು ಬಳಸುವ ಸಾಫ್ಟ್‌ವೇರಿಗೆ ಎಡಿಟರ್ ಎನ್ನುತ್ತಾರೆ. ಪರದೆಯ ಮೇಲಿನದನ್ನು ಓದಿ ಹೇಳುವುದು ಸ್ಕ್ರೀನ್ ರೀಡರ್. ಎರಡೂ ಹೊಂದಿಕೊಳ್ಳಬೇಕು. ಅವಳು ಮಾನಿಟರ್ ಬಂದ್ ಮಾಡಿ ಒಂದೊಂದೇ ಎಡಿಟರನ್ನು ಕಿವಿಯಿಂದ ಪರೀಕ್ಷಿಸಿದಳು, ಆಮೇಲೆ ನನ್ನನ್ನು ಕೂರಿಸಿದಳು. ನಾನು ಮೊದಲಿನಿಂದ ಬಳಸುತ್ತಿದ್ದುದರಲ್ಲಿ ಬರೆಯುವಾಗ ಮುಂದಿನ ಪದ ಸೂಚಿಸುವ ಪೆಟ್ಟಿಗೆ ತೆರೆದೊಡನೆ ರೀಡರ್ ಮೂಕವಾಗುತ್ತಿತ್ತು. ಇನ್ನೊಂದರಲ್ಲಿ ಕೋಡ್ ಚೆನ್ನಾಗಿ ಕೇಳಿಸುತ್ತಿತ್ತು. ಆದರೆ ಫಂಕ್ಷನ್ ಎಂಬ ಕೋಡಿನ ತುಂಡೊಂದು ಹೇಗೆ ಕೆಲಸ ಮಾಡುತ್ತದೆಂಬ ವಿವರಣೆ, ಅಂದರೆ ಡಾಕ್ಯುಮೆಂಟೇಶನ್, ಬೇಕಾದರೆ ಬ್ರೌಸರಿಗೆ ಹೋಗಬೇಕು. ಮರಳುವಷ್ಟರಲ್ಲಿ ಯಾವ ಸಾಲಿನಲ್ಲಿದ್ದೆನೆಂಬುದೇ ತಪ್ಪಿಹೋಗುತ್ತಿತ್ತು.

ಮೂರನೆಯದು ಹಳೆಯ ಕಾಲದ್ದು. "ನೋಡ್ಲಿಕ್ಕ ಭಾಳ ಖರಾಬ್ ಅದರಿ ಸರ್," ಎಂದವಳು ತಟ್ಟನೆ, "ತಪ್ಪಾತ್ರಿ," ಎಂದಳು.

"ಇರ್ಲಿ ಬಿಡವ್ವ," ಎಂದೆ.

ಅದರಲ್ಲಿ ಡಾಕ್ಯುಮೆಂಟೇಶನ್ ಎಡಿಟರಿನೊಳಗೇ, ಕೋಡಿನಂತೆಯೇ ಸಾದಾ ಅಕ್ಷರಗಳಲ್ಲಿ ತೆರೆಯುತ್ತಿತ್ತು. ಫಂಕ್ಷನ್ನಿನ ಹೆಸರಿನ ಮೇಲೆ ನಿಂತು ಕೀಬೋರ್ಡಿನ ಒಂದು ಕೀಲಿ ಒತ್ತಿದರೆ ವಿವರಣೆ. ಇನ್ನೊಂದು ಕೀಲಿಗೆ ಬಿಟ್ಟ ಸಾಲಿಗೇ ವಾಪಸ್. ಅದನ್ನೇ ಇಟ್ಟುಕೊಂಡೆ.

ವಾರದ ಕೊನೆಗೆ ಮ್ಯಾನೇಜರ್ ಪಕ್ಕದಲ್ಲಿ ಬಂದು ಕುಳಿತರು. ಅಂದು ತೂಕದ ಪ್ರೋಗ್ರಾಂ ಪದೇ ಪದೇ ನಿಲ್ಲುತ್ತಿತ್ತು. ಗೇಟಿನಾಚೆ ಲಾರಿಗಳು ಹಾರ್ನ್ ಹೊಡೆಯುತ್ತಿದ್ದವು. ಕೋಡನ್ನು ಸಾಲು ಸಾಲಾಗಿ ಕೇಳುತ್ತ ಹೋದೆ. ತೂಕವನ್ನು ಸಂಖ್ಯೆಯಾಗಿ ಬದಲಿಸುವ ಫಂಕ್ಷನ್ ಬಳಿ ಅನುಮಾನ ಬಂತು. ಕೀಲಿ ಒತ್ತಿದೆ. ಏನೂ ಬರೆಯದ ಖಾಲಿ ಸಂದೇಶ ಬಂದರೆ ಅದು ದೋಷ ತೋರಿಸಿ ನಿಲ್ಲುತ್ತದೆಂದು ರೀಡರ್ ಓದಿತು. ನಮ್ಮ ತೂಕದ ಯಂತ್ರ ಆಗಾಗ ಹಾಗೆ ಖಾಲಿ ಕಳಿಸುತ್ತಿತ್ತು. ಅಂಥ ವೇಳೆ ಯಂತ್ರವನ್ನು ಮತ್ತೊಮ್ಮೆ ಕೇಳುವಂತೆ ತಿದ್ದಿದೆ. ಸ್ವಲ್ಪ ಹೊತ್ತಿಗೆ ಹಾರ್ನ್‌ಗಳು ನಿಂತವು.

"ನಿಮ್ಮ ಕೆಲ್ಸ ನಿಮ್ದೇ ಇರ್ಲಿರಿ," ಎಂದರು ಮ್ಯಾನೇಜರ್. ನೂರಜಹಾನ್ ಬಿಕ್ಕುವುದು ಕೇಳಿಸಿತು. ನನಗೆ ಏನೂ ಅನಿಸಲಿಲ್ಲ. ಮುಂದಿನ ಫೈಲ್ ತೆರೆದೆ.

ಯಾವ ಎಡಿಟರ್ ಒಳ್ಳೆಯದೆಂದು ಹೊಸಬರು ಈಗಲೂ ಕೇಳುತ್ತಾರೆ. ಗೊತ್ತಿಲ್ಲದ ಪದದ ಮೇಲೆ ನಿಂತು, ಅಲ್ಲಿಂದ ಕದಲದೆ ಅದರ ಅರ್ಥ ಕೇಳಿ ನೋಡಿ ಎನ್ನುತ್ತೇನೆ. ವೃತ್ತಿ ಕಲಿಸಿದ ಇನ್ನೊಂದು ಮಾತನ್ನು ಅವರಿಗೆ ಹೇಳುವುದಿಲ್ಲ: ಮನಸ್ಸು ಮರಗಟ್ಟಿದ್ದಾಗಲೂ ಕೈ ಕೆಲಸ ಮಾಡುತ್ತದೆ, ಮನಸ್ಸು ಹಿಂದಿನಿಂದ ಬರುತ್ತದೆ. ನನ್ನದು ಬರಲು ಬಹಳ ಕಾಲ ಹಿಡಿಯಿತು.