ಮಾವನ ಬೆರಳಿಗೆ ಸಿಕ್ಕ ಹುಳ

ಕಳೆದ ವಾರ ನಮ್ಮ ಮಾವನವರು ನೆದರ್ಲೆಂಡ್ಸಿನ ಲೈಡನ್ ಊರಿನ ಒಂದು ಲ್ಯಾಬಿನಲ್ಲಿ ಕೊಲೆ ಮಾಡಿದರು. ಆಯುಧ, ಎರಡು ಬೆರಳು. ಸಾಕ್ಷಿ, ನಾನು.

ಗಾಬರಿಯಾಗಬೇಡಿ, ಸತ್ತದ್ದು ಒಂದು ಹುಳ. ಆದರೆ ಎಂಥಾ ಹುಳ ಅನ್ನುವುದರಲ್ಲೇ ಇದೆ ನೋಡಿ ಫಜೀತಿ.

ಮಾವ ಹಾವೇರಿ ಕಡೆಯ ರೈತರು. ಹೊಲದ ತುಂಬ ಗೋವಿನಜೋಳ, ಅಂದರೆ ಮೆಕ್ಕೆಜೋಳ. (ನಾನು ಮೈಸೂರಿನವಳು. ಕೆಂಡದ ಮೇಲೆ ಸುಟ್ಟು ಉಪ್ಪು ಖಾರ ಸವರಿ ಕೊಟ್ಟರೆ ಮಾತ್ರ ನನಗೆ ಅದರ ಗುರುತು.) ಈಗ ಲೈಡನ್ನಿಗೆ ಹತ್ತಿರದ ಹಾರ್ಲೆಮ್‌ನ ನಮ್ಮ ಮನೆಗೆ ಬಂದಿದ್ದಾರೆ. ಅವರ ತಂಗಿಯ ಮಗಳು ವೀಣಾ ಲೈಡನ್ನಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ತಿಂದ ಹುಳವೇ ಸಾಯುವಂತೆ ಜೀನ್ ಬದಲಾಯಿಸಿದ ಮೆಕ್ಕೆಜೋಳ ಅವಳ ವಿಷಯ. ಮಾವನಿಗೆ ಅದನ್ನು ನೋಡಲೇಬೇಕಿತ್ತು.

ಬಿಳಿ ಕೋಟು ತೊಡಿಸಿ ಒಳಗೆ ಕರೆದುಕೊಂಡು ಹೋದಳು. ಸಾಲಾಗಿ ಪ್ಲಾಸ್ಟಿಕ್ ಕಪ್ಪುಗಳು. ಒಂದೊಂದರಲ್ಲೂ ಒಂದು ಚೂರು ಎಲೆ, ಒಂದು ಸತ್ತ ಮರಿಹುಳ. ಒಂದೇ ಒಂದು ಕಪ್ಪಿನಲ್ಲಿ ಮಾತ್ರ ದುಂಡುದುಂಡಗೆ ಬೆಳೆದ ಹುಳ.

"ಇದೊಂದಾ ಉಳದೈತ್ರಿ ಮಾವ," ಅಂತ ಮುಚ್ಚಳ ತೆಗೆದು ತೋರಿಸಿ, ಏನೋ ತರಲು ಆಚೆ ತಿರುಗಿದಳು.

ಮಾವ ಹೊಸಕಿದರು. ಹೊಲದಲ್ಲಿ ಗಿಡದ ಸುಳಿಯೊಳಗೆ ಹುಳ ಕಂಡಾಗ ಮಾಡುವಂತೆ, ಯೋಚನೆಯೇ ಇಲ್ಲದೆ. ಕೋಟಿಗೆ ಬೆರಳು ಒರೆಸಿಕೊಂಡು, "ಆತು ತಗೋ, ಅದೂ ಹೋತು," ಅಂದರು. ಸಹಾಯ ಮಾಡಿದ ದನಿ!

ವೀಣಾ ತಿರುಗಿ ನೋಡಿ ಖಾಲಿ ಕಪ್ಪನ್ನು ಕೈಗೆತ್ತಿಕೊಂಡಳು. "ನನಗ ಅದಾ ಬೇಕಿತ್ರಿ."

ಎಲೆ ತಿಂದೂ ಸಾಯದ ಹುಳವನ್ನು ಸಾಕಿ, ಪತಂಗ ಮಾಡಿ, ಅದರ ಮರಿಗಳೂ ಬದುಕುತ್ತವಾ ಅಂತ ನೋಡಬೇಕಿತ್ತಂತೆ. ಬದುಕಿದರೆ ಅಂಥವೇ ಹೆಚ್ಚಿ ಒಂದು ದಿನ ಆ ಬೀಜ ಯಾವ ಹೊಲದಲ್ಲೂ ಕೆಲಸ ಮಾಡುವುದಿಲ್ಲ. ಇಷ್ಟು ದಿನ ಅವಳು ಕಾದು ಕುಳಿತಿದ್ದು ಆ ಒಂದಕ್ಕಾಗಿ.

ಮಾವನ ಮುಖ ಸಣ್ಣದಾಯಿತು. "ತಪ್ಪಾತವಾ. ಹಂಗಾದ್ರ ಅದಕ್ಕ ಔಷಧ ಏನು?"

"ಹೊಲದ ಒಂದು ಕಡೆ ಸಾದಾ ಬೀಜ ಬಿತ್ತಬೇಕ್ರಿ. ಅಲ್ಲೆ ಸಾದಾ ಹುಳ ಉಳೀತಾವ. ಇಂಥಾವು ಅವುಗಳ ಜೋಡಿ ಕೂಡಿದ್ರ, ಮರಿ ಮತ್ತ ಎಲಿ ತಿಂದು ಸಾಯ್ತಾವ."

"ಅಂದ್ರ ಹುಳ ಸಾಯಾಕ ಒಂದು ಬೀಜ, ಹುಳ ಬದುಕಾಕ ಒಂದು ಬೀಜ?"

"ಹೂನ್ರಿ."

"ಮತ್ತ ನಮ್ಮ ಕಡೆ ಈ ಬೀಜ ಯಾವಾಗ ಬರತೈತಿ?"

"ಗೊತ್ತಿಲ್ರಿ. ಇನ್ನೂ ಒಪ್ಪಿಗಿ ಸಿಕ್ಕಿಲ್ಲ."

(ರೈಲಿನ ಕಿಟಕಿಯಿಂದ ಕಾಣುವ ಇಲ್ಲಿನ ಮೆಕ್ಕೆಜೋಳದ ಹೊಲಗಳಲ್ಲೂ ಆ ಬೀಜ ಇಲ್ಲವಂತೆ. ಸಂಶೋಧನೆ ಇಲ್ಲಿ, ಹುಳ ಅಲ್ಲಿ, ಬೀಜ ಎಲ್ಲೂ ಇಲ್ಲ. ನಿಮಗೇನಾದರೂ ತಲೆಬುಡ ತಿಳಿಯಿತಾ? ನನಗಂತೂ ಇಲ್ಲ.)

ವಾಪಸ್ ಬರುವಾಗ ಮಾವ ಕಿಟಕಿಯಾಚೆಯ ಹೊಲಗಳನ್ನೇ ನೋಡುತ್ತಿದ್ದರು. ಆಮೇಲೆ, "ಅಕಿ ಕಪ್ಪಿನಾಗಿಂದು ಸಾಯಬಾರದು, ನನ್ನ ಹೊಲದಾಗಿಂದು ಉಳೀಬಾರದು. ಹುಳ ಎರಡೂ ಒಂದಾ," ಅಂದರು. ನಾನು ಹೂಂ ಅಂದೆ. ಪಾಪ ವೀಣಾ ಅನ್ನಲೋ, ಪಾಪ ಮಾವ ಅನ್ನಲೋ?

ನಿನ್ನೆ ವೀಣಾ ಫೋನ್ ಮಾಡಿದಳು. "ಅತ್ತಿಗಿ, ಹೊಸಾ ಕಪ್ಪಿನಾಗ ಇನ್ನೊಂದು ಹುಳ ಬದುಕೈತ್ರಿ." ಅವಳ ಖುಷಿಯ ದನಿ ಕೇಳಿ ನಾನೂ "ಕಂಗ್ರಾಟ್ಸ್ ಕಣೇ" ಅಂದುಬಿಟ್ಟೆ.

ಎದುರಿಗೆ ಚಹಾ ಕುಡಿಯುತ್ತಿದ್ದ ಮಾವ ತಲೆ ಎತ್ತಿದರು. "ಏನವಾ, ಏನು ಸಿಹಿ ಸುದ್ದಿ?"

ಹುಳ ಸಾಯಲಿಲ್ಲ ಅನ್ನುವುದನ್ನು ಒಬ್ಬ ರೈತನಿಗೆ ಸಿಹಿ ಸುದ್ದಿ ಅಂತ ಹೇಳುವುದು ಹೇಗೆ?