ಭುಜ ನೋಡಿದ ರಿಪೋರ್ಟು

ನನ್ನ ತಮ್ಮ ಮುನಿರಾಜುವಿಗೆ ಎತ್ತು ಮಾರುವುದು ಯಾರಿಗೂ ಸುಲಭವಿರಲಿಲ್ಲ. ಡೆಂಕಣಿಕೋಟೆ ಸಂತೆಯಲ್ಲಿ ಮಾರುವವನು ಡುಬ್ಬ ತಟ್ಟಿ ತೋರಿಸಿದರೆ, ಇವನು ಎತ್ತಿನ ಬಾಯಿಗೇ ಕೈ ಹಾಕುತ್ತಿದ್ದ.

"ಮೊದ್ಲು ಹಲ್ಲು ಕಣಯ್ಯಾ. ನಿನ್ ಡುಬ್ಬ ಎಲ್ಗೂ ಓಡೋಗಲ್ಲ."

ಹಲ್ಲು, ಕಣ್ಣು, ಗೊರಸು, ಸುಳಿ, ನಡಿಗೆ. ಯಾವಾಗಲೂ ಅದೇ ಕ್ರಮ. ನೋಡಿದ ಒಂದೊಂದನ್ನೂ ಗಟ್ಟಿಯಾಗಿ ಹೇಳಬೇಕು, ಸರಿಯಿದ್ದರೂ ಹೇಳಬೇಕು. (ಹೇಳದಿದ್ದರೆ ನೋಡಿಲ್ಲವೆಂದೇ ಅರ್ಥ. ನಾನು ವ್ಯಾಪಾರಕ್ಕೆ ಹುಣಿಸೆಹಣ್ಣು ಕೊಳ್ಳುವುದೂ ಹಾಗೆಯೇ.)

ಹೋದ ವರ್ಷ ಅವನು ಗಾಡಿಯಿಂದ ಬಿದ್ದ. ಬೆಂಗಳೂರಿಗೆ ಕರೆದೊಯ್ದು ಎಕ್ಸ್‌ರೇ ತೆಗೆಸಿದೆವು. ರಿಪೋರ್ಟಿನಲ್ಲಿ ಒಂದೇ ಸಾಲು: ಭುಜದ ಎಲುಬು ಬಿರುಕು ಬಿಟ್ಟಿದೆ, ಚೆನ್ನಾಗಿ ಕೂಡಿಕೊಳ್ಳುತ್ತದೆ. ಸಂತೋಷವೋ ಸಂತೋಷ! ದೋಸೆ ತಿಂದು, ಯುದ್ಧದಿಂದಾಗಿ ಪೆಟ್ರೋಲ್ ಸಿಗದೆ ಇದ್ದಿಲಿನಿಂದ ಓಡುವ ಬಸ್ಸು ಹತ್ತಿದೆವು.

ಮಳೆಗಾಲ ಮುಗಿಯುವ ಹೊತ್ತಿಗೆ ಕೆಮ್ಮಿನ ಜೊತೆ ರಕ್ತ ಬಂತು. ಕೃಷ್ಣಗಿರಿಯ ಡಾಕ್ಟರು ಹಳೆಯ ಫಿಲಂ ಕೇಳಿ ಪಡೆದು, ಕಿಟಕಿಯ ಬೆಳಕಿಗೆ ಹಿಡಿದರು.

"ಭುಜದ ಫಿಲಮಿನಲ್ಲಿ ಶ್ವಾಸಕೋಶದ ತುದಿಯೂ ಬಿದ್ದಿರುತ್ತೆ. ಇಲ್ಲಿ ನೋಡಿ, ಕಲೆ. ಕ್ಷಯ. ಆಗಲೇ ಸ್ಯಾನಿಟೋರಿಯಮ್ಮಿಗೆ ಕಳಿಸಿದ್ದರೆ..."

ಫಿಲಂ ನನ್ನ ಕೈಗೆ ಕೊಟ್ಟರು.

ಬೆಂಗಳೂರಿಗೆ ಹೋಗಿ, ರಿಪೋರ್ಟು ಬರೆದವರ ಮುಂದೆ ಫಿಲಂ ಇಟ್ಟೆ. ಕೆಟ್ಟ ಮನುಷ್ಯರಲ್ಲ. ಮುಖ ಬಿಳಿಚಿಕೊಂಡಿತು. "ಭುಜ ನೋಡಿ ಅಂತ ಚೀಟಿ ಬಂದಿತ್ತು. ಭುಜ ನೋಡಿದೆ."

ಬೈದು ಬರಬಹುದಿತ್ತು. ಬೈಗುಳದಿಂದ ಯಾವ ವ್ಯಾಪಾರ ಕುದುರಿದೆ? ಚೌಕಾಸಿಗೆ ಕೂತೆ.

"ಎಲುಬು, ಕೀಲು, ಶ್ವಾಸಕೋಶ, ಫಿಲಮಿನಲ್ಲಿ ಬಿದ್ದಿದ್ದನ್ನೆಲ್ಲ ಪ್ರತಿ ಸಲ ಒಂದೇ ಕ್ರಮದಲ್ಲಿ ಬರೀರಿ ಸ್ವಾಮಿ. ಸರಿಯಿದ್ದರೆ ಸರಿಯಿದೆ ಅಂತಲೇ ಬರೀರಿ."

"ಯುದ್ಧದ ಕಾಲ. ಅಷ್ಟೆಲ್ಲ ಬರೆಯೋಕೆ ಸಮಯ ಎಲ್ಲಿದೆ?"

"ನನ್ನ ತಮ್ಮನಿಗೂ ಇಲ್ಲ" ಎಂದೆ.

ಅವರು ಪೆನ್ನು ತೆಗೆದು, ನಾನು ಹೇಳಿದ ಕ್ರಮವನ್ನು ಬರೆದುಕೊಂಡರು. ಈಗ ಅಲ್ಲಿ ಹಾಗೆಯೇ ಬರೆಯುತ್ತಾರಂತೆ.

ಮನೆಗೆ ಬಂದು ಹೇಳಿದಾಗ ಮುನಿರಾಜು ಕೆಮ್ಮುತ್ತಲೇ ನಕ್ಕ. "ಡುಬ್ಬ ನೋಡ್ಬುಟ್ಟು ಎತ್ತು ಹಿಡ್ದವ್ರೆ, ಬುಡು ಅಣ್ಣಾ."

ನೀವೂ ಕೇಳಿಸಿಕೊಳ್ಳಿ. ರಿಪೋರ್ಟು ಕೈಗೆ ಬಂದಾಗ ಏನು ಸಿಕ್ಕಿತು ಎಂದಷ್ಟೇ ಕೇಳಬೇಡಿ. ಏನೇನು ನೋಡಿದಿರಿ ಎಂದು ಕೇಳಿ. ಬಾಯಿಬಿಟ್ಟು ಹೇಳುವವರೆಗೆ ಕುರ್ಚಿ ಬಿಟ್ಟು ಏಳಬೇಡಿ. ಸಿಡುಕುತ್ತಾರೆಯೇ? ಸಿಡುಕಲಿ.

ಸಂಕ್ರಾಂತಿಗೆ ಮುಂಚೆಯೇ ಮುನಿರಾಜು ಹೋದ. ಕೊನೆಯ ಸ್ನಾನ ಮಾಡಿಸುವಾಗ ತೋಳೆತ್ತಿ ಸವರಿ ನೋಡಿದೆ.

ಭುಜ ಮಾತ್ರ, ರಿಪೋರ್ಟಿನಲ್ಲಿ ಬರೆದಂತೆಯೇ, ಚೆನ್ನಾಗಿ ಕೂಡಿಕೊಂಡಿತ್ತು.