ಕೊಬ್ಬರಿ ಶೆಡ್ಡಿನ ವೈಫೈ

ನೋಡಬಾರದ ವಿಡಿಯೊ ಕಂಡಾಗ ನೀವು ಒತ್ತುತ್ತೀರಲ್ಲ, ‘ದೂರು ನೀಡಿ’ ಎನ್ನುವ ಗುಂಡಿ, ಅದರ ಆಚೆ ಒಬ್ಬ ಮನುಷ್ಯ ಕೂತಿರುತ್ತಾನೆ. ನೀವು ಎರಡು ಸೆಕೆಂಡು ನೋಡಿ ಮುಖ ತಿರುಗಿಸಿದ್ದನ್ನು ಅವನು ಕೊನೆಯವರೆಗೂ ನೋಡಬೇಕು. ಇದು ಯಾವ ಬಗೆಯ ಕೆಟ್ಟದ್ದು ಎಂದು ನಂಬರು ಹಾಕಬೇಕು. ಮುಂದಿನದನ್ನು ತೆರೆಯಬೇಕು. ಇದೇನೂ ಗುಟ್ಟಲ್ಲ, ಪತ್ರಿಕೆಯಲ್ಲಿ ಹತ್ತು ಸಲ ಬಂದಿದೆ. ನೀವು ಹತ್ತು ಸಲವೂ ಪುಟ ತಿರುವಿದಿರಿ.

ಫಿಲಿಪ್ಪೀನ್ಸಿನಲ್ಲಿ, ನಮ್ಮ ಗುಮಾಕಾ ಕಡೆ ಇಂಥ ಒಬ್ಬಳಿದ್ದಾಳೆ. ಲೆರ್ಮಾ ಎಂದು ಕರೆಯುತ್ತೇನೆ. ನಿಜವಾದ ಹೆಸರು ಬರೆದರೆ ಕೆಲಸ ಹೋಗುತ್ತದೆ. ಮೂವತ್ತಾರು ವರ್ಷ. ಮನಿಲಾದ ಕಟ್ಟಡವೊಂದರ ಹದಿನಾರನೇ ಮಹಡಿಯಲ್ಲಿ ಆರು ವರ್ಷ ಕೂತು ಇದನ್ನೇ ನೋಡಿದಳು. ಆಮೇಲೆ ಕಂಪನಿ ಬಾಡಿಗೆ ಉಳಿಸುವುದಕ್ಕೆ ಆ ಮಹಡಿಯನ್ನೇ ಖಾಲಿ ಮಾಡಿ, ಕಂಪ್ಯೂಟರುಗಳನ್ನು ಡಬ್ಬಿಗೆ ತುಂಬಿಸಿ, ಇನ್ನು ಮನೆಯಿಂದಲೇ ಮಾಡಿ ಎಂದು ಎಲ್ಲರನ್ನೂ ಊರಿಗೆ ಕಳಿಸಿತು. ಎರಡು ಷರತ್ತು ಹಾಕಿತು. ಕೆಲಸದ ಕೋಣೆಗೆ ಬೀಗ ಇರಬೇಕು. ಸ್ಕ್ರೀನಿನಲ್ಲಿ ಏನಿತ್ತು ಎಂದು ಗಂಡನಿಗೂ ಹೇಳಕೂಡದು. ಎರಡಕ್ಕೂ ರುಜು.

ನಮ್ಮ ಮನೆಗಳಲ್ಲಿ ಬೀಗದ ಕೋಣೆ ಎಲ್ಲಿಂದ ಬರಬೇಕು? ಬಾಗಿಲು ಅಂತ ಇರುವುದು ಬೀದಿಯ ಕಡೆಗೆ ಒಂದು. ಒಳಗೆ ಕೋಣೆಗೊಂದರಂತೆ ಹೂವಿನ ಕರ್ಟನ್ನು. ಲೆರ್ಮಾಳ ಮಗಳು ಅಯ್ರಾ, ಎಂಟು ವರ್ಷದವಳು, ದಿನಕ್ಕೆ ಐವತ್ತು ಸಲ ಆ ಕರ್ಟನ್ನು ಸರಿಸಿಕೊಂಡು ನುಗ್ಗುವವಳು. ಲೆರ್ಮಾಳಿಗೆ ಕಂಪನಿಯ ಕಾಗದಕ್ಕಿಂತ ಇದರದೇ ಚಿಂತೆ. ತಾನು ನೋಡುವುದು ಮಗಳ ಕಣ್ಣಿಗೆ ಬೀಳಬಾರದು. ಅವಳಿಗೆ ಬೇರೆ ಯಾವ ಹಟವೂ ಉಳಿದಿರಲಿಲ್ಲ. ಅಳು ಬರುವುದು ನಿಂತು ಮೂರು ವರ್ಷವಾಗಿತ್ತು. ತವರಿನಲ್ಲಿ ತಂದೆಯನ್ನು ಮಣ್ಣು ಮಾಡಿದ ದಿನವೂ ಬರಲಿಲ್ಲ.

ಮನೆಯ ಹಿಂದೆ ತೆಂಗಿನ ತೋಟ. ತೋಟದ ಆಚೆ ತುದಿಗೆ, ಎಂಬತ್ತು ಮೀಟರು ದೂರದಲ್ಲಿ, ಕೊಬ್ಬರಿ ಒಣಗಿಸುವ ಹಳೇ ಶೆಡ್ಡು. ಈಗ ಅಲ್ಲಿ ಹೊಗೆ ಹಾಕುವವರಿಲ್ಲ, ಕಾಯಿಯನ್ನೇ ಮಾರಿಬಿಡುತ್ತಾರೆ. ಮನೆಯ ಮಾಡಿನಿಂದ ಕಿತ್ತ ತಗಡನ್ನೇ ಅದಕ್ಕೆ ಗೋಡೆ ಮಾಡಿದ್ದರು. ಚಿಲಕವಿತ್ತು, ಬೀಗ ಬೀಳುತ್ತಿತ್ತು. ಲೆರ್ಮಾ ಮಸಿ ಒರೆಸಿ ಮೇಜು ಹಾಕಿದಳು.

ಇಂಟರ್ನೆಟ್ಟು ಮನೆಯಲ್ಲಿತ್ತು, ಶೆಡ್ಡಿನಲ್ಲಿರಲಿಲ್ಲ. ಅವಳ ಗಂಡ ರೊಡೆಲ್ ಮೂರು ಚಕ್ರದ ಬಾಡಿಗೆ ಗಾಡಿ ಓಡಿಸುವವನು, ಆದರೆ ವೈರು ಕಂಡರೆ ಕೈ ಸುಮ್ಮನಿರದು. ಮೊದಲು ಅಡುಗೆಮನೆಯ ಕಿಟಕಿಗೆ ಸಿಗ್ನಲ್ಲು ಮುಂದಕ್ಕೆ ದಾಟಿಸುವ ಪೆಟ್ಟಿಗೆ ಸಿಕ್ಕಿಸಿದ. ಅದು ಬಾವಿಕಟ್ಟೆಯವರೆಗೆ ಬಂದು ಸತ್ತಿತು. ಆಮೇಲೆ ಊಟದ ತಟ್ಟೆಯಷ್ಟಗಲದ ಎರಡು ಆಂಟೆನಾ ತಂದು, ಒಂದನ್ನು ಮನೆಯ ಮಾಡಿಗೆ, ಇನ್ನೊಂದನ್ನು ಶೆಡ್ಡಿನ ನೆತ್ತಿಗೆ, ಒಂದರ ಮುಖ ಇನ್ನೊಂದಕ್ಕೆ ಕಾಣುವ ಹಾಗೆ ಕಟ್ಟಿದ. ಸಿಗ್ನಲ್ಲು ಬಂತು. ಗಾಳಿ ಬೀಸಿದಾಗಲೆಲ್ಲ ಹೋಯಿತು. ನಡುವೆ ಒಂದು ತೆಂಗಿನ ಗರಿ ತೂಗಾಡುತ್ತಿತ್ತು. ಅದು ಅಡ್ಡ ಬಂದಷ್ಟು ಸಲವೂ ಲೆರ್ಮಾ ಎದ್ದು ಹೋಗಿದ್ದಾಳೆ ಎಂದು ಕಂಪನಿಯ ಯಂತ್ರ ಬರೆದುಕೊಂಡಿತು.

ರೊಡೆಲ್ ಮರ ಹತ್ತಿದ.

“ಇದಾ?” ಎಂದು ಮೇಲಿಂದ ಕೂಗಿದ.

“ಅದಲ್ಲ, ಎಡಗಡೇದು,” ಎಂದಳು ಕೆಳಗಿಂದ.

“ಎಡಗಡೆ ಕಾಯಿ ಐತೆ ಕಣೆ. ನಿನ್ನ ಕಂಪನಿಗೆ ಹೇಳು, ಕಾಯಿ ಮಾಗೋ ತನಕ ಕಾಯ್ಲಿ ಅಂತ.”

ಮೊದಲಾಗಿದ್ದರೆ ನಗುತ್ತಿದ್ದಳು. “ಕಡಿ,” ಎಂದಳು ಅಷ್ಟೆ.

ಗರಿ ಬಿತ್ತು, ಸಿಗ್ನಲ್ಲು ಗಟ್ಟಿಯಾಗಿ ನಿಂತಿತು. ಆಂಟೆನಾದಿಂದ ನೇರ ಕಂಪ್ಯೂಟರಿಗೆ ಕೇಬಲ್ಲು. ಬೆಳಿಗ್ಗೆ ಆರಕ್ಕೆ ಬೀಗ ತೆಗೆದು ಒಳಗೆ ಹೋಗಿ, ಮಧ್ಯಾಹ್ನ ಮೂರಕ್ಕೆ ಹೊರಗೆ ಬಂದು ಬೀಗ ಹಾಕುತ್ತಿದ್ದಳು. ನಡುವೆ ನಾನೂರು ವಿಡಿಯೊ. ಮಗಳಿಗೆ ಶೆಡ್ಡಿನ ಹತ್ತಿರ ಸುಳಿಯಬಾರದೆಂದು ಹೇಳಿದ್ದಳು. ಅಲ್ಲಿ ಸುಳಿಯಲು ಏನಿತ್ತು, ಹಳೇ ಮಸಿ ವಾಸನೆ. ಮಗು ಎರಡು ತಿಂಗಳು ಆ ಕಡೆ ತಲೆ ಹಾಕಲಿಲ್ಲ.

ಆಮೇಲೆ ರೊಡೆಲ್ ಒಂದು ಒಳ್ಳೆಯ ಕೆಲಸ ಮಾಡಿದ. ಇಷ್ಟು ಕಷ್ಟಪಟ್ಟು ತಂದ ಸಿಗ್ನಲ್ಲು ಒಬ್ಬಳ ಕಂಪ್ಯೂಟರಿಗೇ ಮುಗಿಯುತ್ತದಲ್ಲ ಎಂದು ಅವನಿಗೆ ಸಂಕೋಚ. ಶೆಡ್ಡಿನ ಸೂರಿನ ಕೆಳಗೆ, ಹೊರಗಡೆ, ಇನ್ನೊಂದು ಪುಟ್ಟ ವೈಫೈ ಪೆಟ್ಟಿಗೆ ಸಿಕ್ಕಿಸಿದ. ಕಾಯಿ ಸುಲಿಯುವಾಗ ಹಾಡು ಕೇಳಬಹುದು ಎಂದ. ಪಾಸ್‌ವರ್ಡು ಹೆಂಡತಿಯ ಹುಟ್ಟಿದ ದಿನ. ಕೇಳಿದವರಿಗೆಲ್ಲ ಕೊಟ್ಟ. ನಮ್ಮಲ್ಲಿ ಕೇಳಿದವರಿಗೆ ಇಲ್ಲ ಎನ್ನುವುದಕ್ಕೆ ಬಾಯಿಯೇ ಬರುವುದಿಲ್ಲ. ಉಣ್ಣುವಾಗ ಯಾರಾದರೂ ದಾರಿಯಲ್ಲಿ ಹೋದರೆ ಬಾ ಉಣ್ಣು ಎನ್ನುವ ಜನ ನಾವು, ಸಿಗ್ನಲ್ಲಿಗೆ ಬೇರೆ ನ್ಯಾಯ ಮಾಡುತ್ತೇವೆಯೇ?

ಒಂದೇ ವಾರದಲ್ಲಿ ಓಣಿಯ ಮಕ್ಕಳೆಲ್ಲ ಶಾಲೆಗೆ ಮೊದಲು, ಶಾಲೆಯಾದ ಮೇಲೆ ಶೆಡ್ಡಿನ ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ಕೂರತೊಡಗಿದರು. ಸಿಗ್ನಲ್ಲು ಅಲ್ಲೇ ಗಟ್ಟಿ. ರಜೆಯ ದಿನ ಬೆಳಗಿನಿಂದಲೇ. ಲೆರ್ಮಾ ಒಳಗೆ, ಕಿವಿಗೆ ಹೆಡ್‌ಫೋನು. ಅವಳಿಗೆ ಕೇಳಿಸುತ್ತಿರಲಿಲ್ಲ.

ಪಕ್ಕದ ಮನೆಯ ಗೆಮ್ಮಾ, ಅಯ್ರಾಳ ಜ್ಞಾನಸ್ನಾನಕ್ಕೆ ಎರಡನೇ ತಾಯಿಯಾಗಿ ನಿಂತವಳು. ಹಾಗೆ ನಿಂತವಳೂ ಹೆತ್ತವಳೂ ಪರಸ್ಪರ ಮಾರೆ ಎಂದು ಕರೆದುಕೊಳ್ಳುತ್ತಾರೆ. ಅದು ಒಡಹುಟ್ಟಿದವರಿಗಿಂತ ಹತ್ತಿರ. ಅವಳು ಒಂದು ಮಧ್ಯಾಹ್ನ ಹೇಳಿದಳು:

“ಏನ್ ಮಾರೆ, ಶೆಡ್ಡಲ್ಲಿ ಸಂತರ ಮೂರ್ತಿ ಏನಾರ ಇಟ್ಟಿದೀಯಾ? ನಮ್ಮ ಹುಡುಗ್ರು ಇಗರ್ಜಿಗೆ ಎಳ್ಕೊಂಡ್ ಹೋದ್ರೂ ಬರಲ್ಲ, ಇಲ್ಲಿ ನೋಡು, ತಲೆ ತಗ್ಗಿಸಿ ಹೆಂಗೆ ಕೂತವೆ.”

“ಸ್ವಲ್ಪ ದೂರ ಕೂರೋಕೆ ಹೇಳು ಮಾರೆ.”

“ಯಾಕೆ, ನಿನ್ನ ತಗಡು ಸವೀತದಾ?”

ಯಾಕೆ ಎಂದು ಲೆರ್ಮಾ ಹೇಳುವಂತಿರಲಿಲ್ಲ. ರುಜು ಹಾಕಿದ್ದಳು.

ಆ ತಗಡಿನಲ್ಲಿ ಹಳೇ ಮೊಳೆಗಳ ತೂತುಗಳಿದ್ದವು. ಶನಿವಾರ ಮೂರು ಗಂಟೆಗೆ ಲೆರ್ಮಾ ಮನೆಗೆ ಬಂದು ತಟ್ಟೆಗೆ ಅನ್ನ, ಒಣಮೀನು, ತೆಂಗಿನ ಹಾಲಿನ ಕುಂಬಳಕಾಯಿ ಹಾಕಿಕೊಂಡು ಕೂತಳು. ಅಯ್ರಾ ಎದುರಿಗೆ ಕೂತು ಅವಳ ತಟ್ಟೆಯನ್ನೇ ನೋಡುತ್ತಿದ್ದಳು.

“ಅಮ್ಮಾ, ಆ ಮಾಮನ್ನ ಯಾಕೆ ಯಾರೂ ಎತ್ತಲಿಲ್ಲ?”

“ಯಾವ ಮಾಮ?”

“ನಿನ್ನ ಕಂಪ್ಯೂಟರಲ್ಲಿ ಇದ್ದ ಮಾಮ. ಲಾರಿ ಕೆಳಗೆ.”

ಲೆರ್ಮಾ ಅಗಿಯುತ್ತಿದ್ದುದನ್ನು ನುಂಗಿದಳು. ಯಾವ ಮಾಮ ಎಂದು ಅವಳಿಗೆ ನಿಜವಾಗಿಯೂ ಗೊತ್ತಾಗಲಿಲ್ಲ. ಆ ದಿನ ಲಾರಿಗಳದ್ದೇ ಆರೇಳು ಬಂದಿದ್ದವು.

“ಅಂಗಿ ಯಾವ ಬಣ್ಣ?” ಎಂದು ಕೇಳಿದಳು.

“ಹಳದಿ.”

“ಅಲ್ಲಾಡ್ತಿದ್ನಾ?”

“ಹ್ಞೂಂ. ಬಾಯಿ ಆಡಿಸ್ತಿದ್ದ. ನೀರು ಕೇಳ್ತಿದ್ನೇನೋ.”

“ಕೊನೆವರೆಗೂ ನೋಡಿದ್ಯಾ?”

“ಅವ್ನು ಸುಮ್ನಾಗೋ ತನಕ.”

ಲೆರ್ಮಾಳ ತಲೆಯೊಳಗೆ ಹದಿನೇಳು ಎಂದು ನಂಬರು ತಾನಾಗಿ ಬಿದ್ದಿತು. ಆಕಸ್ಮಿಕ ಸಾವು, ದೇಹ ಕಾಣುವಂಥದ್ದು. ಆಗಲೇ ಅವಳಿಗೆ ತಿಳಿದದ್ದು, ತಾನು ಮಗಳನ್ನು ತಬ್ಬಿಕೊಂಡಿಲ್ಲ, ಅರ್ಜಿ ತುಂಬಿಸಿಕೊಳ್ಳುತ್ತಿದ್ದೇನೆ ಎಂದು. ತಿಳಿದ ಮೇಲೂ ಕೈ ಏಳಲಿಲ್ಲ. ತಟ್ಟೆಯಲ್ಲಿ ಅನ್ನ ಉಳಿದಿತ್ತು, ಉಂಡಳು.

ಸಂಜೆ ರೊಡೆಲ್‌ಗೆ ಹೊರಗಿನ ಪೆಟ್ಟಿಗೆ ಬಿಚ್ಚು ಎಂದಳು.

“ಊರೋರಿಗೆ ಏನಂತ ಹೇಳ್ಲಿ?”

“ಕೆಟ್ಟೋಯ್ತು ಅನ್ನು.”

“ಈಗ್ತಾನೆ ಹಸಿರು ದೀಪ ಉರೀತಿತ್ತು. ಎಲ್ಲರೂ ನೋಡವ್ರೆ.”

“ಬಿಚ್ಚು.”

ಬಿಚ್ಚಿದ. ಲೆರ್ಮಾ ಸೂರು ಸೋರಿದಾಗ ಬಳಿಯುವ ಕಪ್ಪು ಅಂಟು ತಂದು ಒಂದೊಂದೇ ತೂತಿಗೆ ಬೆರಳಿನಿಂದ ಮೆತ್ತಿದಳು. ಮುನ್ನೂರಕ್ಕೂ ಹೆಚ್ಚಿದ್ದವು. ಭಾನುವಾರ ಪೂರ್ತಿ ಹಿಡಿಯಿತು.

ಗೆಮ್ಮಾ ಮಾತು ಬಿಟ್ಟಳು. ಅಂಗಡಿಯ ಮುಂದೆ ನಿಂತು, ಲೆರ್ಮಾಳಿಗೆ ಕೇಳಿಸುವ ಹಾಗೆ ಅಂಗಡಿಯವಳಿಗೆ ಹೇಳಿದಳು: “ಮನಿಲಾ ನೀರು ಕುಡಿದೋರು ನೋಡಮ್ಮ. ಗಾಳೀಲಿ ಹೋಗೋದನ್ನೂ ಬೀಗ ಹಾಕಿ ಇಟ್ಕೋತಾರೆ.” ಲೆರ್ಮಾ ಮೊಟ್ಟೆ ಕೊಂಡು ಬಂದಳು.

ಅಯ್ರಾ ರಸ್ತೆ ದಾಟುವುದನ್ನು ನಿಲ್ಲಿಸಿದಳು. ರೊಡೆಲ್ ಅವಳನ್ನು ಎತ್ತಿಕೊಂಡು ದಾಟಿಸಬೇಕು. ಹಳದಿ ಬಟ್ಟೆ ಹಾಕಿಕೊಳ್ಳುವುದಿಲ್ಲ. ಅಪ್ಪ ಗಾಡಿ ತೆಗೆದುಕೊಂಡು ಹೊರಟಾಗಲೆಲ್ಲ ಚಕ್ರ ಹಿಡಿದು ಕೂತುಬಿಡುತ್ತಾಳೆ.

ಕಂಪನಿ ತಿಂಗಳಿಗೆ ಇಪ್ಪತ್ತು ನಿಮಿಷ ಮನಸ್ಸಿನ ವೈದ್ಯೆಯ ಜೊತೆ ಫೋನಿನಲ್ಲಿ ಮಾತಾಡಿಸುತ್ತದೆ. ಲೆರ್ಮಾ ಕೇಳಿದಳು:

“ಮೇಡಂ, ಎಂಟು ವರ್ಷದ ಮಗು ಇಂಥದ್ದು ನೋಡಿಬಿಟ್ರೆ ಏನ್ ಮಾಡ್ಬೇಕು?”

“ಯಾರ ಮಗು? ನಿಮ್ಮ ಸ್ಕ್ರೀನು ಯಾರಾದ್ರೂ ನೋಡಿದ್ರಾ?”

ಆ ಕಡೆ ಬರೆದುಕೊಳ್ಳುವ ಕೀಬೋರ್ಡಿನ ಸದ್ದು ಕೇಳಿಸಿತು. ಹೌದು ಎಂದರೆ ಕೆಲಸ ಅಲ್ಲಿಗೆ ಮುಗಿಯಿತು. ಅಯ್ರಾಳನ್ನು ಪಟ್ಟಣದ ಡಾಕ್ಟರಿಗೆ ತೋರಿಸಬೇಕೆಂದರೂ ಆ ಕೆಲಸವೇ ಬೇಕು.

“ಯಾರೂ ಇಲ್ಲ ಮೇಡಂ. ಸುಮ್ನೆ ಕೇಳ್ದೆ.”

“ನಿದ್ದೆ ಚೆನ್ನಾಗಿ ಬರ್ತಿದೆಯಾ ನಿಮಗೆ?”

“ಬರ್ತಿದೆ.”

ಮಗು ಮಾತ್ರ ಪ್ರಶ್ನೆ ಬಿಟ್ಟಿಲ್ಲ. ತಲೆ ಬಾಚುವಾಗ ಕೇಳುತ್ತದೆ, ಸ್ನಾನ ಮಾಡಿಸುವಾಗ ಕೇಳುತ್ತದೆ. “ಅಷ್ಟೊಂದ್ ಜನ ಇದ್ರಲ್ಲಮ್ಮ. ಎಲ್ಲರ ಕೈಲೂ ಫೋನಿತ್ತು. ಒಬ್ರೂ ಬಗ್ಗಲಿಲ್ಲ ಯಾಕೆ?”

ಲೆರ್ಮಾಳ ಪಟ್ಟಿಯಲ್ಲಿ ಕೊಂದವನಿಗೆ ನಂಬರಿದೆ, ಸತ್ತವನಿಗೆ ನಂಬರಿದೆ, ರಕ್ತ ಎಷ್ಟು ಕಂಡಿತು ಎಂಬುದಕ್ಕೂ ನಂಬರಿದೆ. ಪಕ್ಕದಲ್ಲಿ ಫೋನು ಎತ್ತಿ ಹಿಡಿದು ಅಲ್ಲಾಡದೆ ನಿಂತವನಿಗೆ ಹಾಕಲು ಯಾವ ನಂಬರೂ ಇಲ್ಲ. ಆರು ವರ್ಷಕ್ಕೂ ಮೇಲೆ, ದಿನಕ್ಕೆ ನಾನೂರರಂತೆ, ಅವಳು ನೋಡುತ್ತಾ ಬಂದಿರುವುದು ಅವನ ಕಣ್ಣಿಂದಲೇ. ಅವನ ಕೈ ನಡುಗುವುದಿಲ್ಲ ಎನ್ನುತ್ತಾಳೆ ಲೆರ್ಮಾ. ಚಿತ್ರ ಚೆನ್ನಾಗಿ ಬಂದಿರುತ್ತದಂತೆ.

ನಿಮ್ಮ ಊರಿನ ರಸ್ತೆಯಲ್ಲೂ ನಾಳೆ ಒಬ್ಬ ಬಿದ್ದಿರುತ್ತಾನೆ, ಸುತ್ತ ಜನ ಸೇರಿರುತ್ತಾರೆ, ನಿಮ್ಮ ಕೈ ಜೇಬಿಗೆ ಹೋಗಿರುತ್ತದೆ. ಫೋನು ಅಲ್ಲೇ ಬಿಡಿ. ಬಗ್ಗಿ, ಅವನಿಗೆ ನೀರು ಬೇಕಾ ಕೇಳಿ.